ಒತ್ತಪ್ಪನವರ ಕಿರುಬೆರಳು

ಒತ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಚ್ಚುಮನೆ ಇಟ್ಟದ್ದು. ಮೂವತ್ತೊಂದು ವರ್ಷ ಅವರು ಒಂದೇ ಮುದ್ರಣಾಲಯದಲ್ಲಿ, ಒಂದೇ ಕಿಟಕಿಯ ಪಕ್ಕ, ಒಂದಾದ ಮೇಲೊಂದರಂತೆ ನಾಲ್ಕು ಕುರ್ಚಿ ಸವೆಸಿ, ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಿಸಿದವರು. ಸೇರಿದ ಎರಡನೇ ವರ್ಷ ಯಾವುದೋ ಸಂಘದ ಸಂಚಿಕೆ ಅಚ್ಚಿಗೆ ಹೋಗಿತ್ತು. ‘ನಮ್ಮ ಅಧ್ಯಕ್ಷರ ಕತೆ’ ಎಂಬ ತಲೆಬರಹದಲ್ಲಿ ಯಾರದೋ ಕೈತಪ್ಪಿನಿಂದ ಒಂದು ಒತ್ತಕ್ಷರ ಹೆಚ್ಚಿಗೆ ಬಿದ್ದದ್ದನ್ನು ಕಂಡು, ಓಡಿಹೋಗಿ ಯಂತ್ರ ನಿಲ್ಲಿಸಿದವರು ಇವರೇ. ಅಧ್ಯಕ್ಷರಿಗೆ ಕತ್ತೆ ತಪ್ಪಿತು. ಇವರಿಗೆ ಒತ್ತಪ್ಪ ಎಂಬ ಹೆಸರು ತಪ್ಪಲಿಲ್ಲ.

ಬಡಿಯುವುದರಲ್ಲಿ ಅವರನ್ನು ಮೀರಿಸಿದವರು ಆ ಅಚ್ಚುಮನೆಯಲ್ಲಿ ಬರಲೇ ಇಲ್ಲ. ಇಂಗ್ಲಿಷ್ ಕೀಲಿಮಣೆಯ ಮೇಲೆ ಕನ್ನಡ ಬಡಿಯುವ ವಿದ್ಯೆ ಅದು. ಯಾವ ಅಕ್ಷರಕ್ಕೆ ಯಾವ ಕೀಲಿ ಎಂದು ಹೊಸಬರು ಕೇಳಿದರೆ ಇವರು ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ಆಡಿಸಿ ನೋಡಿಕೊಂಡು ಉತ್ತರ ಹೇಳುತ್ತಿದ್ದರು. ಗೊತ್ತಿದ್ದದ್ದು ಬೆರಳಿಗೆ, ತಲೆಗಲ್ಲ. ನಿವೃತ್ತಿಯ ದಿನ ಯಜಮಾನರು ಏನು ಬೇಕೆಂದು ಕೇಳಿದಾಗ ತಮ್ಮ ಹಳೆಯ ಕೀಲಿಮಣೆಯನ್ನೇ ಕೇಳಿ ಪಡೆದರು. ಅದರ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿ ನುಣ್ಣಗೆ ಹೊಳೆಯುತ್ತಿತ್ತು. ಮನೆಯಲ್ಲಿ ಅದನ್ನು ಸಿಕ್ಕಿಸಲು ಕಂಪ್ಯೂಟರ್ ಇರಲಿಲ್ಲ. ಬೀರುವಿನ ಮೇಲೆ, ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನಂತೆ, ತಂತಿ ಸುತ್ತಿಕೊಂಡು ಅದೂ ನಿವೃತ್ತವಾಗಿತ್ತು.

ಅವರ ಹೆಂಡತಿ ಹೊಲಿಗೆಯವರು. ಬಸ್ಸು ನಿಲ್ಲುವ ತಿರುವಿನಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ಇಟ್ಟಿದ್ದರು. ಮೆಟ್ಟಿಲು ಹತ್ತುವವರನ್ನು ನೋಡಿಯೇ ಭುಜ ಇಷ್ಟು, ತೋಳು ಇಷ್ಟು ಎನ್ನುತ್ತಿದ್ದರು. ಟೇಪು ಕೊರಳಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಗಿರಾಕಿಗಳ ಸಮಾಧಾನಕ್ಕೆ. ಎರಡು ವರ್ಷದ ಹಿಂದೆ ಆ ಕಟ್ಟಡ ಕೆಡವಿದರು. ಹೊಲಿಗೆ ಯಂತ್ರ ಮನೆಗೆ ಬಂದು ಹಳೆ ಹೊದಿಕೆ ಹೊದ್ದು ಮೂಲೆಯಲ್ಲಿ ಕೂತಿತು. ಹೆಂಡತಿಯೂ ಸ್ವಲ್ಪ ಹಾಗೆಯೇ ಕೂತರು. ಮಾತಾಡುತ್ತಿದ್ದರು, ನಗುತ್ತಿದ್ದರು, ಆದರೆ ಬಂದವರ ಭುಜ ನೋಡುವುದನ್ನು ಬಿಟ್ಟಿದ್ದರು. ಇದನ್ನು ಒತ್ತಪ್ಪನವರು ಗಮನಿಸಿದ್ದರು. ಬಾಯಿಬಿಟ್ಟು ಹೇಳಿರಲಿಲ್ಲ. ಕೈಯಿಂದ ಎಷ್ಟು ಸಾವಿರ ಪುಟ ಬಂದಿದ್ದರೂ ಬಾಯಿಂದ ಒಂದು ಒಳ್ಳೆಯ ಸಾಲು ಬರಬೇಕಾದರೆ ಅವರಿಗೆ ಕಷ್ಟ.

ಹೀಗಿರುವಾಗ, ಬಡಾವಣೆಯ ವಾಚನಾಲಯದವರು ಹೆಂಡತಿಯನ್ನು ಶುಕ್ರವಾರ ಸಂಜೆ ನಾಲ್ಕಕ್ಕೆ ಇಂಟರ್ನೆಟ್ಟಿನಲ್ಲೇ ಹೊಲಿಗೆ ಪಾಠ ಮಾಡುತ್ತೀರಾ ಎಂದು ಕೇಳಿದರು. ಮೊದಲ ಪಾಠ ಪರೀಕ್ಷೆಯಿದ್ದಂತೆ: ಸರಿಹೋದರೆ ಪ್ರತಿ ವಾರ, ಇಲ್ಲದಿದ್ದರೆ ಆ ಗಂಟೆ ಕುಂಡದಲ್ಲಿ ಗಿಡ ಬೆಳೆಸುವುದನ್ನು ಕಲಿಸುವವರಿಗೆ. ಹನ್ನೊಂದು ಜನ ಹೆಸರು ಕೊಟ್ಟರು. ಹೊಲಿಗೆ ಯಂತ್ರದ ಹೊದಿಕೆ ತೆಗೆದಾಯಿತು, ಎಣ್ಣೆ ಬಿಟ್ಟಾಯಿತು. ಹಳೆಯ ರೌಟರ್ ಗಂಟೆಗೊಮ್ಮೆ ಮೂರ್ಛೆ ಹೋಗುತ್ತಿದ್ದುದರಿಂದ ಗುರುವಾರ ಹೊಸದನ್ನೇ ತರಿಸಿದರು.

ಜೋಡಿಸಲು ಬಂದ ತಂತ್ರಜ್ಞ ಅವಸರದ ಆಸಾಮಿ. ತನ್ನ ಲ್ಯಾಪ್‌ಟಾಪನ್ನು ತಂತಿಯಿಂದ ರೌಟರಿಗೆ ಸಿಕ್ಕಿಸಿ, “ಪಾಸ್‌ವರ್ಡ್ ಏನಿಡ್ಲಿ ಸರ್? ಎಂಟು ಅಕ್ಷರಕ್ಕೆ ಕಮ್ಮಿ ಇರಬಾರದು” ಎಂದ.

“ನಾನೇ ಒತ್ತುತ್ತೀನಿ, ನೀವು ಆ ಕಡೆ ತಿರುಗಿ,” ಎಂದರು ಒತ್ತಪ್ಪನವರು.

ಹೆಂಡತಿಯೂ ಆ ಕಡೆ ತಿರುಗಬೇಕಾಯಿತು. ಹತ್ತು ಬೆರಳು ಲ್ಯಾಪ್‌ಟಾಪಿನ ಮೇಲೆ ಸರ್ರನೆ ಹರಿದವು. ಪರದೆಯಲ್ಲಿ ಒಂಬತ್ತು ಕಪ್ಪು ಚುಕ್ಕಿ. ಇನ್ನೊಮ್ಮೆ ಒತ್ತಲು ಹೇಳಿತು. ಇನ್ನೊಮ್ಮೆ ಹರಿದವು. ಎರಡೂ ಹೊಂದಿದವು, ದೀಪಗಳು ಹಸಿರಾದವು. ತಂತ್ರಜ್ಞನಿಗೆ ಬೇರೆ ಮನೆಯಿಂದ ಕರೆ ಬಂತು. ಬ್ಯಾಗು ಹೆಗಲಿಗೇರಿಸಿ ಹೋಗಿಯೇಬಿಟ್ಟ.

ಶುಕ್ರವಾರ ಎರಡೂವರೆಗೆ ಹೆಂಡತಿ ಟ್ಯಾಬ್ಲೆಟ್ಟನ್ನು ಯಂತ್ರದ ಮುಂದೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, “ರೀ, ಈಗಲಾದ್ರೂ ಆ ಗುಟ್ಟು ಹೇಳಿ” ಎಂದರು.

“ಹೇಳೋದೇನು, ನಾನೇ ಹಾಕ್ತೀನಿ.” ಕನ್ನಡಕ ಸರಿಮಾಡಿಕೊಂಡು ತೋರುಬೆರಳಿನಿಂದ, ಕೋಳಿ ಕಾಳು ಹೆಕ್ಕಿದಂತೆ, ಒಂದೊಂದೇ ಅಕ್ಷರ ಕುಕ್ಕಿದರು. ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದಿತು ಟ್ಯಾಬ್ಲೆಟ್. ಮತ್ತೆ ಕುಕ್ಕಿದರು. ತಪ್ಪು. ಹೆಂಡತಿಯ ಫೋನಿನಲ್ಲಿ ಕುಕ್ಕಿದರು. ತಪ್ಪು. ತಮ್ಮ ಫೋನಿನಲ್ಲಿ. ಅದೂ ಅದನ್ನೇ ಹೇಳಿತು.

ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಒತ್ತಪ್ಪನವರ ಅಕ್ಕ ತಲೆಯೆತ್ತಿದರು. ಅಕ್ಕನಿಗೆ ಎಪ್ಪತ್ತಾರು, ನಾಲಿಗೆಗೆ ಇನ್ನೂ ಇಪ್ಪತ್ತು. “ಏನೋ, ವೈಫ್‌ಗೆ ಹೇಳದೆ ವೈಫೈ ಇಟ್ಟರೆ ಹೀಗೇ, ವೈಫಲ್ಯ.”

“ಅಕ್ಕಾ, ಸ್ವಲ್ಪ ಸುಮ್ನಿರು.”

“ಸುಮ್ನೇ ಇದ್ದೀನಿ ಕಣೋ. ನೆಟ್ಟು ನೆಟ್ಟಗಿಲ್ಲದಿದ್ರೆ ನಾನೇನು ಮಾಡ್ಲಿ?”

ರೌಟರಿನ ಪ್ಲಗ್ ಕಿತ್ತು, ಮೂವತ್ತು ಎಣಿಸಿ, ಮತ್ತೆ ಸಿಕ್ಕಿಸಿದರು. ದೀಪಗಳು ಕೆಂಪಾಗಿ, ಹಳದಿಯಾಗಿ, ಹಸಿರಾದವು. ಪಾಸ್‌ವರ್ಡ್ ತಪ್ಪಾಗಿಯೇ ಉಳಿಯಿತು. ಟ್ಯಾಬ್ಲೆಟ್ಟನ್ನು ರೌಟರಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದರು. ಸುತ್ತಲಿನ ಮನೆಗಳ ವೈಫೈ ಹೆಸರುಗಳ ಪಟ್ಟಿಯೇ ಬಂತು. ಮೇಲಿನ ಮನೆಯವರು ತಮ್ಮದಕ್ಕೆ ‘ಕೇಳಬೇಡಿ’ ಎಂದೇ ಹೆಸರಿಟ್ಟಿದ್ದರು, ಹಾಗಾಗಿ ಕೇಳಲಿಲ್ಲ. ಫೋನಿನ ಇಂಟರ್ನೆಟ್ಟನ್ನೇ ಟ್ಯಾಬ್ಲೆಟ್ಟಿಗೆ ಹಂಚಿ ನೋಡಿದರು. ಹಿಂಬದಿಯ ಆ ಕೋಣೆಗೆ ಫೋನಿನ ಮಾತು ಬಂದರೂ ಇಂಟರ್ನೆಟ್ ಬರುವುದೇ ಅಪರೂಪ. ಪರದೆಯಲ್ಲಿ ಸೂಜಿ ಹಿಡಿದು ಮೇಲೆ ಹೋದ ಹೆಂಡತಿಯ ಕೈ ಕೆಳಗೆ ಇಳಿಯಲೇ ಇಲ್ಲ.

ಮೂರು ಗಂಟೆಗೆ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಹತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗಿ ಬಂದಳು. “ಸರ್, ತಂತ್ರಜ್ಞರು ನಾಳೆ ಬೆಳಗ್ಗೆ ಬರ್ತಾರೆ. ಅಲ್ಲೀವರೆಗೆ ರೌಟರ್ ಹಿಂದೆ ಒಂದು ಸಣ್ಣ ತೂತಿದೆಯಲ್ಲ, ಅದರೊಳಗಿನ ಗುಂಡಿ ಮಾತ್ರ ಒತ್ತಬೇಡಿ. ಒತ್ತಿದ್ರೆ ನಿಮ್ಮ ಲೈನಿನ ವಿವರಾನೂ ಅಳಿಸಿಹೋಗುತ್ತೆ.”

“ಆ ಗುಂಡಿ ಒತ್ತಿದ್ರೆ ನಾವೇ ಗುಂಡಿಗೆ ಬೀಳ್ತೀವಿ ಅನ್ನಿ,” ಎಂದರು ಅಕ್ಕ. ಬದುಕೆಲ್ಲ ಒತ್ತಿಯೇ ಹೆಸರು ಮಾಡಿದವರಿಗೆ ಒತ್ತಬೇಡಿ ಎಂದವಳು ಇವಳೊಬ್ಬಳೇ.

“ನಾಳೆ ಆಗಲ್ಲಮ್ಮಾ. ನಾಲ್ಕಕ್ಕೆ ನಮ್ಮ ಮನೆಯವರ ಪಾಠ ಇದೆ.”

“ಹಾಗಿದ್ರೆ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಹೇಳ್ತಾ ಒತ್ತಿ ನೋಡೋಣ ಸರ್. ಏನು ಪದ?”

ಒತ್ತಪ್ಪನವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಬಾಬಿನ್ನಿಗೆ ದಾರ ಸುತ್ತುತ್ತಿದ್ದರು. ಇವರು ಗೋಡೆಗೆ ಮುಖ ಮಾಡಿ, ದನಿ ತಗ್ಗಿಸಿ, “ಕಣ್ಣಳತೆ” ಎಂದರು.

ದಾರ ಸುತ್ತುವ ಸದ್ದು ನಿಂತಿತು.

“ಜೋರಾಗಿ ಹೇಳಿ ಸರ್, ಕೇಳಿಸ್ತಿಲ್ಲ.”

“ಕಣ್ಣಳತೆ! ಕೆ, ಎ, ಎನ್, ಎನ್, ಎ, ಎಲ್, ಎ, ಟಿ, ಇ.”

“ಟಿ ಆದ್ಮೇಲೆ ಎಚ್ ಇದೆಯಾ ಸರ್? ಸುಮಾರು ಜನ ಹಾಕ್ತಾರೆ.”

“ಎಚ್ ಯಾಕಮ್ಮಾ? ಅದೇನು ಮಹಾಪ್ರಾಣವಾ? ಕಣ್ಣಳಥೆ ಅಂದ್ರೆ ಏನರ್ಥ?”

“ಮಹಾಪ್ರಾಣ ಆಮೇಲೆ ನೋಡೋಣ, ಈಗ ಇಲ್ಲಿ ನನ್ನ ಪ್ರಾಣ ಹೋಗ್ತಿದೆ,” ಎಂದರು ಹೆಂಡತಿ. “ಹಾಕಿ ನೋಡ್ರಿ, ಎಚ್‌ಗೇನು ಬಾಡಿಗೆ ಕೊಡ್ಬೇಕಾ?”

ಮನಸ್ಸಿಲ್ಲದ ಮನಸ್ಸಿನಿಂದ ಎಚ್ ಹಾಕಿದರು. ತಪ್ಪು ಎಂದಿತು. ತಪ್ಪು ಎಂದದ್ದು ಇವರಿಗೆ ಒಂದು ಗಳಿಗೆ ಸಮಾಧಾನವನ್ನೇ ತಂದಿತು.

“ಸರ್, ದೊಡ್ಡಕ್ಷರ ಏನಾದ್ರೂ ಇತ್ತಾ, ಕ್ಯಾಪಿಟಲ್?”

“ಒಂದೂ ಇಲ್ಲ. ದೊಡ್ಡಕ್ಷರ ಚಿಕ್ಕಕ್ಷರ ಅನ್ನೋ ದೊಡ್ಡಸ್ತಿಕೆ ಇಂಗ್ಲಿಷಿನವರದು. ನಮ್ಮ ಭಾಷೆಯಲ್ಲಿ ಆ ತಾರತಮ್ಯವೇ ಇಲ್ಲ.”

“ಖಂಡಿತಾನಾ ಸರ್?”

“ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ್ದೀನಮ್ಮ.”

ಹುಡುಗಿ ನಿಟ್ಟುಸಿರಿಟ್ಟು, ದೂರು ಬರೆದುಕೊಂಡಿದ್ದೇನೆ, ಶುಭದಿನ ಎಂದು ಫೋನಿಟ್ಟಳು. ಗಡಿಯಾರ ಮೂರು ಮೂವತ್ತೈದು ತೋರಿಸುತ್ತಿತ್ತು.

ಹೆಂಡತಿ ಕತ್ತರಿಸಿಟ್ಟಿದ್ದ ಬಟ್ಟೆ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದರು. ಮೊದಲ ಪಾಠಕ್ಕೆ ಗುಂಡಿ ಮತ್ತು ಕಾಜಾ. ಹನ್ನೊಂದು ಜನಕ್ಕೆ ಏನು ಹೇಳಬೇಕೆಂದು ಒಂದು ಚೀಟಿ ಬರೆದಿಟ್ಟುಕೊಂಡಿದ್ದರು. ಅದನ್ನು ಮಡಚಿ ಸೂಜಿಡಬ್ಬಿಯ ಕೆಳಗಿಟ್ಟರು. ಮತ್ತೆ ತೆಗೆಯುವ ಅವಸರವೇನಿಲ್ಲ ಎಂಬಂತೆ ಇಟ್ಟ ಆ ಇಡುವಿಕೆ ಒತ್ತಪ್ಪನವರ ಕಣ್ಣಿಗೆ ಬಿತ್ತು. ಯಂತ್ರದ ಮೇಲೆ ಮತ್ತೆ ಹೊದಿಕೆ ಬೀಳುವುದು ಅವರಿಗೆ ಕಂಡೇಬಿಟ್ಟಿತು.

“ವಾಚನಾಲಯಕ್ಕೆ ಫೋನ್ ಮಾಡಿ, ಆಗಲ್ಲ ಅನ್ಲಾ?” ಎಂದು ಮೆಲ್ಲಗೆ ಕೇಳಿದರು.

“ಇನ್ನೂ ಇಪ್ಪತ್ತು ನಿಮಿಷ ಇದೆ.” ಹೆಂಡತಿ ಅವರ ಕೈಯನ್ನೇ ನೋಡುತ್ತಿದ್ದರು. “ಅಲ್ಲಾ ರೀ, ನಿನ್ನೆ ಎಷ್ಟು ಬೆರಳಲ್ಲಿ ಒತ್ತಿದ್ರಿ?”

“ಹತ್ತೂ ಬೆರಳಲ್ಲಿ. ಇನ್ನೇನು?”

“ಇವತ್ತು?”

“ಫೋನಲ್ಲಿ ಹತ್ತು ಬೆರಳು ಎಲ್ಲಿಡ್ಲಿ? ಒಂದೇ.”

“ಆ ಮಣೆ ಇಳಿಸಿ.”

“ಅದನ್ನ ಸಿಕ್ಕಿಸೋಕೆ ಏನೂ ಇಲ್ವಲ್ಲೇ.”

“ನಾನೆಲ್ಲಿ ಸಿಕ್ಕಿಸಿ ಅಂದೆ? ಇಳಿಸಿ ಅಂದೆ.”

ಬೀರುವಿನ ಮೇಲಿಂದ ಕೀಲಿಮಣೆ ಇಳಿಯಿತು. ಧೂಳು ಒರೆಸಿ ಮೇಜಿನ ಮೇಲಿಟ್ಟರು. ತಂತಿಯ ತುದಿ ಎಲ್ಲಿಗೂ ಸೇರದೆ ಮೇಜಿನ ಅಂಚಿನಿಂದ ಜೋತಾಡಿತು. “ನೋಡು, ಇದೂ ನಿಸ್ತಂತು,” ಎಂದರು ಅಕ್ಕ. ಯಾರೂ ನಗಲಿಲ್ಲವಾದ್ದರಿಂದ ತಾವೇ ನಕ್ಕರು.

“ಈಗ ಒತ್ತಿ,” ಎಂದರು ಹೆಂಡತಿ. “ಅಕ್ಷರ ಅಕ್ಷರ ಹೇಳ್ಕೊಂಡು ಬೇಡ. ನಿಮ್ಮ ಚಾಳಿಯಲ್ಲಿ, ಗಡಗಡ ಅಂತ.”

ಬೆರಳುಗಳು ಮಣೆಯ ಮೇಲೆ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂತವು. ಸರ್ರನೆ ಹರಿದು ನಿಂತವು. ಯಾವ ಪರದೆಯಲ್ಲೂ ಏನೂ ಮೂಡಲಿಲ್ಲ.

“ಇನ್ನೊಂದ್ಸಲ.”

ಇನ್ನೊಂದು ಸಲ ಹರಿದವು. ಹೆಂಡತಿ, ಸೂಜಿಗೆ ದಾರ ಪೋಣಿಸುವಾಗ ಬಾಗುವಂತೆ, ಬಾಗಿ ನೋಡಿದರು.

“ಆ ಎಡಗೈ ಕಿರುಬೆರಳು ಯಾಕೆ ಕೆಳಗೆ ಇಳೀತು?”

“ಯಾವ ಬೆರಳು?”

“ಕಿರುಬೆರಳು. ಎರಡು ಸಲ ಇಳೀತು. ಒಂದ್ಸಲ ಇಳಿದು ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಇನ್ನೊಂದ್ಸಲ ಇಳಿದು ಬೇಗ ಬಂತು.”

ಒತ್ತಪ್ಪನವರು ತಮ್ಮ ಕಿರುಬೆರಳನ್ನು, ಬೇರೆ ಯಾರದ್ದೋ ಎಂಬಂತೆ, ನೋಡಿದರು. ಕಣ್ಣು ಮುಚ್ಚಿ ಗಾಳಿಯಲ್ಲಿ ಆಡಿಸಿದರು. “ಓ, ಅದಾ? ಇಳೀಲೇಬೇಕಲ್ಲ. ಶಿಫ್ಟ್ ಒತ್ತದೆ ಎನ್ ಹೊಡೆದ್ರೆ ಅದು ಬರೀ ನ. ಶಿಫ್ಟ್ ಒತ್ತಿ ಹೊಡೆದ್ರೆ ಣ. ಎಲ್ ಕೂಡ ಅಷ್ಟೇ. ಒತ್ತಿದ್ರೆ ಳ, ಇಲ್ದಿದ್ರೆ ಲ.”

“ಅಂದ್ರೆ ದೊಡ್ಡ ಎನ್ನು.”

“ಛೆ, ದೊಡ್ಡ ಎನ್ ಅಲ್ಲ ಕಣೇ. ಅದು ಣ.”

“ನಿಮಗೆ ಣ. ಆ ರೌಟರ್ ಡಬ್ಬಿಗೆ?”

ಒತ್ತಪ್ಪನವರು ಮಣೆಯನ್ನೊಮ್ಮೆ, ರೌಟರನ್ನೊಮ್ಮೆ ನೋಡಿದರು. ಮೂವತ್ತೊಂದು ವರ್ಷ ಒತ್ತಿದ ಣ, ಳಗಳೆಲ್ಲ ಒಮ್ಮೆಗೇ ಇಂಗ್ಲಿಷಿನ ದೊಡ್ಡಕ್ಷರಗಳಾಗಿ ಎದುರು ಬಂದು ನಿಂತಂತಾಯಿತು. ಅವರು ದೊಡ್ಡಕ್ಷರ ಒತ್ತಿರಲಿಲ್ಲ, ಕನ್ನಡ ಒತ್ತಿದ್ದರು. ಆ ಡಬ್ಬಿಗೆ ಕನ್ನಡ ಬಾರದು ಎಂಬುದೊಂದು ಮರೆತುಹೋಗಿತ್ತು.

“ಹಾಕೇ,” ಎಂದರು. “ಎರಡು ಎನ್ನೂ ದೊಡ್ಡದು, ಎಲ್ ಕೂಡ ದೊಡ್ಡದು. ಮಿಕ್ಕಿದ್ದು ಚಿಕ್ಕದು.”

“ನೀವೇ ಹಾಕಿ. ಒತ್ತಪ್ಪಾ, ಒತ್ತು,” ಎಂದರು ಹೆಂಡತಿ. ಮದುವೆಯಾದಾಗಿನಿಂದ ಆ ಹೆಸರು ಹಿಡಿದು ಅವರು ಕರೆದದ್ದು ಅದೇ ಮೊದಲು.

ಒತ್ತಿದರು. ಟ್ಯಾಬ್ಲೆಟ್ ಒಂದು ಗಳಿಗೆ ಯೋಚಿಸಿತು. ಪರದೆಯ ತಲೆಯ ಮೇಲೆ ಬೀಸಣಿಗೆಯಂಥ ಪುಟ್ಟ ವೈಫೈ ಚಿತ್ರ ಅರಳಿತು. ಮೂರು ಐವತ್ತೆರಡು.

ಹೆಂಡತಿ ಸೂಜಿಡಬ್ಬಿಯ ಕೆಳಗಿಂದ ಚೀಟಿ ಎಳೆದುಕೊಂಡು, ತಲೆ ಎತ್ತದೆ ಕೇಳಿದರು, “ಅಷ್ಟು ಪದ ಇರುವಾಗ ಅದೇ ಪದ ಯಾಕೆ?”

“ಎಂಟಕ್ಕಿಂತ ಕಮ್ಮಿ ಇರಬಾರದು ಅಂದ,” ಎಂದರು ಒತ್ತಪ್ಪನವರು. “ಇದು ಒಂಬತ್ತಿತ್ತು.”

“ಹೂಂ.” ಹೆಂಡತಿ ಚೀಟಿಯ ಮಡಿಕೆಯನ್ನು ಉಗುರಿನಿಂದ ನೇವರಿಸಿ ಸರಿಮಾಡಿದರು. “ಶರ್ಟು ಬದಲಾಯಿಸಿ ಬನ್ನಿ. ಅದರ ಭುಜ ಅರ್ಧ ಇಂಚು ಇಳಿಬಿದ್ದಿದೆ. ಎರಡು ವರ್ಷದಿಂದ ಇದನ್ನೇ ಹಾಕ್ಕೊಂಡು ಓಡಾಡ್ತಿದ್ದೀರಾ?”

ಒತ್ತಪ್ಪನವರು ಹೋಗಿ ಶರ್ಟು ಬದಲಾಯಿಸಿದರು.

ನಾಲ್ಕಕ್ಕೆ ಸರಿಯಾಗಿ ಪರದೆಯಲ್ಲಿ ಹನ್ನೊಂದು ಮುಖ ಮೂಡಿದವು. ಒತ್ತಪ್ಪನವರು ಅಡುಗೆಮನೆಯ ಬಾಗಿಲಲ್ಲಿ, ರೌಟರಿನ ಪ್ಲಗ್ಗಿಗೆ ಯಾರ ಕಾಲೂ ತಾಗದಂತೆ ಕಾವಲು ನಿಂತರು. ಅಕ್ಕನೂ ಕುರ್ಚಿ ಎಳೆದುಕೊಂಡು ಅಲ್ಲಿಗೇ ಬಂದರು. ಹೆಂಡತಿಯ ದನಿ ಮೊದಲು ಸಣ್ಣಗಿತ್ತು. ಆಮೇಲೆ ಹಳೆಯ ಅಂಗಡಿಯ ದನಿಯಾಯಿತು. “ಬಟ್ಟೆ ನೋಡಬೇಡಿ, ನನ್ನ ಕೈ ನೋಡಿ... ನೀವು, ನೀಲಿ ಅಂಗಿಯವರು, ನಿಮ್ಮ ಕಾಜಾ ಗುಂಡಿಗಿಂತ ಎರಡು ಎಳೆ ದೊಡ್ಡದಾಯ್ತು.”

“ಅಷ್ಟು ದೂರದಿಂದ ಟೇಪಿಲ್ಲದೆ ಹೇಗೆ ಗೊತ್ತಾಯ್ತು ಟೀಚರ್?” ಎಂದಿತು ಒಂದು ದನಿ.

“ಕಣ್ಣಳತೆ,” ಎಂದರು ಹೆಂಡತಿ, ಸ್ವಲ್ಪ ಜೋರಾಗಿಯೇ, ಅಡುಗೆಮನೆಗೂ ಕೇಳುವಂತೆ.

ಅಕ್ಕ ಬಾಯಿಯ ಮೇಲೆ ಕೈಯಿಟ್ಟರು. “ಅಯ್ಯೋ, ಹನ್ನೊಂದು ಜನದ ಮುಂದೆ ಪಾಸ್‌ವರ್ಡ್ ಹೇಳೇಬಿಟ್ಲಲ್ಲೋ!”

“ಹೇಳ್ಲಿ ಬಿಡಕ್ಕಾ,” ಎಂದರು ಒತ್ತಪ್ಪನವರು. “ಕೇಳಿಸ್ಕೊಂಡ್ರೆ ಆಯ್ತಾ? ಒತ್ತೋಕೆ ಬರ್ಬೇಕಲ್ಲ.”