ಊರಿನಲ್ಲಿ ನಲ್ಲಿ ಎಲ್ಲಿ?

ನಮ್ಮ ಪಡಸಾಲೆಯ ಗೂಟಕ್ಕೆ ಒಂದು ಸಿಂಬಿ ತೂಗುಬಿದ್ದಿರುತ್ತಿತ್ತು. ಸಿಂಬಿಯೆಂದರೆ ನಿಮಗೆ ಗೊತ್ತೇ ಇದೆ, ಗೆಳೆಯರೇ: ಹಳೆಯ ಬಟ್ಟೆಯನ್ನು ಹಗ್ಗದಂತೆ ಹೊಸೆದು, ಬಳೆಯಂತೆ ಸುತ್ತಿ, ತಲೆಗೂ ಕೊಡಕ್ಕೂ ನಡುವೆ ಇಟ್ಟುಕೊಳ್ಳುವ ಪುಟ್ಟ ಚಕ್ರ. ಎಮ್ಮಿಗನೂರಿನ ಮಗ್ಗದಲ್ಲಿ ಹುಟ್ಟಿದ ಸೀರೆಯೊಂದು, ಉಡುವ ಕಾಲ ಮುಗಿದು, ಮಕ್ಕಳಿಗೆ ಹಾಸುವ ಕಾಲವೂ ಮುಗಿದ ಮೇಲೆ, ಅವ್ವನ ಕೈಯಲ್ಲಿ ಈ ಮರುಜನ್ಮವನ್ನು ಪಡೆದಿತ್ತು. ನೀರು, ಬೆವರು, ಧೂಳುಗಳನ್ನು ಕುಡಿದು ಅದರ ಬಣ್ಣ ಬೂದಿಯಾಗಿತ್ತು. ಅವ್ವನ ನೆತ್ತಿಯ ನಟ್ಟನಡುವೆ ಸರಿಯಾಗಿ ಸಿಂಬಿಯಗಲದ ಜಾಗದಲ್ಲಿ ಕೂದಲು ತೆಳುವಾಗಿತ್ತು. ಆಕಾರದಲ್ಲಿ ಕಿರೀಟಕ್ಕೂ ಸಿಂಬಿಗೂ ಅಂಥ ಭೇದವೇನೂ ಇಲ್ಲ. ಕಿರೀಟ ತನ್ನ ಭಾರವನ್ನು ಬೇರೆಯವರ ತಲೆಗೆ ದಾಟಿಸುತ್ತದೆ, ಸಿಂಬಿ ಬೇರೆಯವರ ದಾಹವನ್ನು ತನ್ನ ತಲೆಗೆ ತೆಗೆದುಕೊಳ್ಳುತ್ತದೆ, ಅಷ್ಟೆ.

ಆದೋನಿ ಬೆಳೆಯುತ್ತಿದೆ. ಇದನ್ನು ಬರೆಯುವಾಗ ನನ್ನ ಎದೆಯುಬ್ಬುತ್ತದೆ, ಮುಚ್ಚಿಡುವುದೇಕೆ? ಹತ್ತಿಯ ಗಿರಣಿಗಳ ಹೊಗೆಗೊಳವೆಗಳು ಕೋಟೆಯ ಬೆಟ್ಟದೊಡನೆ ಎತ್ತರಕ್ಕೆ ಪಂಥ ಕಟ್ಟಿವೆ. ಎರೆಹೊಲಗಳ ಬಂಡಿಗಳು ಮಾರುಕಟ್ಟೆಗೆ ಇಳಿಯುವ ದಿನಗಳಲ್ಲಿ ಗಾಳಿಗೆ ಹಾರುವ ಅರಳೆ ಮೀಸೆಯಿದ್ದವರಿಗೂ ಇಲ್ಲದವರಿಗೂ ಸಮಾನವಾಗಿ ಬಿಳಿ ಮೀಸೆಯನ್ನು ಬರೆಯುತ್ತದೆ. ಸ್ಟೇಷನ್ನಿನಿಂದ ಬಜಾರಿನವರೆಗೆ ಡಾಂಬರು ಬಿದ್ದಿದೆ, ವಿದ್ಯುತ್ ಕಂಬಗಳು ಸಾಲುಗಟ್ಟಿವೆ, ಕಾಲೇಜು ಬರುವ ಮಾತು ಹೋಟೆಲಿನ ಚಹದ ಬಸಿಯಲ್ಲಿ ದಿನವೂ ಆರಿ ದಿನವೂ ಬಿಸಿಯಾಗುತ್ತದೆ, ತುಂಗಭದ್ರೆಯ ಕಟ್ಟೆಯಿಂದ ಹೊರಟ ಕಾಲುವೆಯ ಸುದ್ದಿ ಕೋಸಗಿಯ ಕಡೆಯಿಂದ ರೈಲಿಳಿಯುವವರ ಬಾಯಲ್ಲಿ ನೀರಿಗಿಂತ ಮೊದಲೇ ಹರಿದು ಬರುತ್ತದೆ. ಈ ನಡುವೆ ನಮ್ಮ ತಾಲೂಕನ್ನು ಬಳ್ಳಾರಿಯ ಸೆರಗಿನಿಂದ ಬಿಚ್ಚಿ ಕರ್ನೂಲಿನ ಸೆರಗಿಗೆ ಹೊಲಿದರು. ನಾವು ಕೂತಲ್ಲೇ ಕೂತಿದ್ದೆವು, ಗಡಿಯೇ ನಮ್ಮ ಮಾಳಿಗೆಗಳ ಮೇಲೆ ಹಾದುಹೋಯಿತು. ಅದರಿಂದ ನಮ್ಮ ಬಾಯಿಗೆ ಏನೂ ತೊಡಕಾಗಲಿಲ್ಲ. ಅಂಗಡಿಯಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ, ಜಗಳದಲ್ಲಿ ಎರಡೂ, ಎರಡೂ ಸಾಲದಾದಾಗ ದಖ್ಖನಿ. ಇಷ್ಟೊಂದು ನಾಲಗೆಗಳುಳ್ಳ ಊರಿಗೆ ಬಾಯಾರಿಕೆಯೂ ಅಷ್ಟೇ ದೊಡ್ಡದಿತ್ತು.

ನಮ್ಮದು ಬೆಟ್ಟದ ಬುಡದ ಓಣಿ. ಊರಿಗೆ ಕೊಳವೆಯ ನೀರು ಬರುತ್ತದೆಂದು ಸಾರಿದ ಕಾಲದಲ್ಲಿ ಓವರ್‌ಸಿಯರೊಬ್ಬರು ಅಳತೆಯ ಸರಪಳಿ ಹಿಡಿಸಿಕೊಂಡು ಬಂದು, ನಮ್ಮ ಮನೆಯ ಮೂಲೆಗೋಡೆಗೆ ಸುಣ್ಣದ ಒಂದು ದುಂಡು ಬೊಟ್ಟನ್ನಿಟ್ಟು, “ಇಲ್ಲಿ ಬರುತ್ತದೆ” ಎಂದು ಹೇಳಿ ಹೋಗಿದ್ದರು. ಕೊಳವೆ ಬಂತು, ಬಜಾರಿಗೆ ಬಂತು, ಬಂಗಲೆಗಳ ಬೀದಿಗೆ ಬಂತು, ಗಿರಣಿಯೊಂದರ ತೋಟದ ಮಲ್ಲಿಗೆ ಬಳ್ಳಿಗೂ ಬಂತು. ನಮ್ಮ ಓಣಿಯ ಬಾಯಿಗೆ ಬಂದು ನಿಂತುಬಿಟ್ಟಿತು. ನೀರು ಇಳಿಜಾರಿನತ್ತ ಹರಿಯುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಅದು ಅಂತಸ್ತಿನತ್ತ ಹರಿಯುತ್ತದೆಂದು ಊರಿಗೆ ಮರಳಿದ ಮೇಲೆ ಕಲಿತೆ. ಇದಕ್ಕೆ ಹೊಣೆಯಾದ ಕಚೇರಿ ಯಾವುದೆಂದು ನಾನು ಹೆಸರಿಸುವುದಿಲ್ಲ. ಒಂದನ್ನು ಹೆಸರಿಸಿದರೆ ಮಿಕ್ಕವು ತಮ್ಮನ್ನು ಮರೆತನೆಂದು ಮುನಿಸಿಕೊಂಡಾವು.

ಓಣಿಯ ಹೆಂಗಸರು ಮಾತ್ರ ಆ ಬೊಟ್ಟನ್ನು ಮಾಸಗೊಡಲಿಲ್ಲ. ಯುಗಾದಿಗೆ ಗೋಡೆ ಸಾರಿಸುವಾಗ ಅದನ್ನು ಬಿಟ್ಟು ಸುತ್ತ ಸಾರಿಸಿದರು, ದಸರೆಗೆ ಅದರ ಮೇಲೆ ಹೊಸ ಸುಣ್ಣ ಹಚ್ಚಿದರು. ಕಚೇರಿಯ ನೆನಪು ಅಳಿಸಿಹೋದರೂ ಗೋಡೆಯ ನೆನಪು ವರ್ಷದಿಂದ ವರ್ಷಕ್ಕೆ ಬೆಳ್ಳಗಾಗುತ್ತಾ ಹೋಯಿತು. ಅಷ್ಟರಲ್ಲಿ ಬಾವಿಯ ದಾರಿಯಲ್ಲಿ ಅವ್ವನ ಕುತ್ತಿಗೆ ನೋಯತೊಡಗಿತ್ತು. ಕೊಡ ಇಳಿಸಿದ ಮೇಲೂ ಆಕೆ ತಲೆಯನ್ನು ಇತ್ತ ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿ ಮಾತನಾಡಿಸುವುದನ್ನು ನೋಡಿದಾಗ ನನಗೆ ಒಂದೇ ಪ್ರಶ್ನೆ: ಬೊಟ್ಟಿನ ಜಾಗಕ್ಕೆ ನೀರು ಬರುವುದು ಮೊದಲೋ, ಅವ್ವನ ಕುತ್ತಿಗೆ ಸೋಲುವುದು ಮೊದಲೋ?

ಮೈಸೂರಿನಲ್ಲಿ ಓದಿ ಪದವಿ ಪಡೆದು ಬಂದ ನನ್ನ ರಕ್ತ ಕುದಿಯಿತು. ಕುದಿದ ರಕ್ತಕ್ಕೆ ಪ್ರಾಸ ತಾನಾಗಿಯೇ ಒದಗುತ್ತದೆ. ಕಾವಿಮಣ್ಣನ್ನು ಕಲಸಿ, ಬೊಟ್ಟಿನ ಪಕ್ಕದಲ್ಲೇ ಆಳೆತ್ತರದ ಅಕ್ಷರಗಳಲ್ಲಿ ಬರೆದೆ: ಊರಿನಲ್ಲಿ ನಲ್ಲಿ ಎಲ್ಲಿ? ಹಿಂದಕ್ಕೆ ಸರಿದು ನೋಡಿ ಹಿಗ್ಗಿದೆ. ವ್ಯಾಕರಣವೇ ನನ್ನ ಪಕ್ಷಕ್ಕೆ ಸಾಕ್ಷಿ ನುಡಿದಂತಿತ್ತು. ಊರಿನ ಸಪ್ತಮೀ ವಿಭಕ್ತಿಯಲ್ಲೇ ಒಂದು ನಲ್ಲಿಯಿದೆ. ಊರಿನಲ್ಲಿ ಇರುವವರೆಲ್ಲರಿಗೂ ಭಾಷೆ ಆಗಲೇ ಒಂದೊಂದು ನಲ್ಲಿಯನ್ನು ಮಂಜೂರು ಮಾಡಿದೆ, ಮಂಜೂರು ಮಾಡಬೇಕಾದವರೇ ಇನ್ನೂ ಮಾಡಿಲ್ಲ.

ಆದರೆ ನಮ್ಮ ಓಣಿಯ ಬಾಯಲ್ಲಿ ‘ಊರಿನಲ್ಲಿ’ ಎಂಬುದು ‘ಊರಾಗ’; ‘ನಲ್ಲಿ’ ಎಂಬುದು ‘ನಳ’. ಮೇಲಾಗಿ ತೆಲುಗಿನಲ್ಲಿ ನಲ್ಲಿಯೆಂದರೆ, ಕ್ಷಮಿಸಿ, ತಿಗಣೆ! ಎರಡು ಲಿಪಿಗಳ ನಡುವೆ ಇರುವುದು ತಲೆಕಟ್ಟಿನ ಒಂದು ಕೊಂಕು ಮಾತ್ರ. ತೆಲುಗು ಶಾಲೆಯಲ್ಲಿ ಓದಿದ ಕಣ್ಣಿಗೆ ನನ್ನ ಘೋಷಣೆ ‘ಊರಿ ನಲ್ಲಿ, ನಲ್ಲಿ’ ಎಂದು, ಊರಿನ ತಿಗಣೆಗಳ ಸಂಕೀರ್ತನೆಯಂತೆ ಕಂಡಿತು. ಪಕ್ಕದ ಮನೆಯ ಈರಮ್ಮ, ಕುರಿ ಸಾಕುವ ಮನೆಯವಳು, ಮಗಳಿಂದ ಅದನ್ನು ಓದಿಸಿ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

“ಏ ತಮ್ಮಾ, ಊರಾಗ ನಲ್ಲಿ ಎಲ್ಲಿ ಅಂತ ಗ್ವಾಡಿಗೆ ಯಾಕ ಕೇಳ್ತಿ? ನಮ್ಮ ಮಂಚ ಝಾಡಿಸಿದ್ರ ಸೇರುಗಟ್ಟಲೆ ಉದುರ್ತಾವ, ಬಾ, ತೋರಸ್ತೀನಿ!”

ಅವ್ವ ಮೈಯನ್ನೆಲ್ಲ ತಿರುಗಿಸಿ ನನ್ನನ್ನು ನೋಡಿದಳು. “ನಳ ಅನ್ನಾಕ ಏನಾಗಿತ್ತೋ ನಿನಗ? ಇದನ್ನ ಕಲಿಯಾಕ ಮೈಸೂರಿಗೆ ಹೋಗಿದ್ಯಾ?”

ನಾನು ಒರೆಸಲಿಲ್ಲ. ಒರೆಸದಿದ್ದುದು ಎಂಥ ಪುಣ್ಯ! ಕೆಲವು ದಿನಗಳ ಮೇಲೆ, ಕರಾವಳಿಯ ಕಡೆಯಿಂದ ಹೊಸದಾಗಿ ಬಂದಿದ್ದ ಆರೋಗ್ಯದ ಇನ್‌ಸ್ಪೆಕ್ಟರು, ತಲೆಗೆ ಬೆಂಡಿನ ಟೊಪ್ಪಿ, ಹಿಂದೆ ಡಿ.ಡಿ.ಟಿ. ಪಂಪು ಹೊತ್ತ ಆಳು, ನಮ್ಮ ಓಣಿಗೆ ದಯಮಾಡಿಸಿದರು. ಗೋಡೆಯ ಮೊರೆಯನ್ನು ಯಾರೋ ಅವರ ಕಿವಿಗೆ ಮುಟ್ಟಿಸಿದ್ದರು. ವರ್ಷಗಳಿಂದ ಸರ್ಕಾರದ ನೆರಳೂ ಬೀಳದ ಓಣಿಗೆ ಸರ್ಕಾರವೇ ಬಂದು ನಿಂತು, ಅತ್ಯಂತ ಸೌಜನ್ಯದಿಂದ ನನ್ನದೇ ಪ್ರಶ್ನೆಯನ್ನು ನಮಗೇ ಹಾಕಿತು: “ಏಮಮ್ಮಾ, ನಲ್ಲುಲು ಎಕ್ಕಡ?” ತಿಗಣೆಗಳು ಎಲ್ಲಿ?

ಈರಮ್ಮನ ನಗು ಬೆಟ್ಟಕ್ಕೆ ಬಡಿದು ಮರಳಿತು. ಇನ್‌ಸ್ಪೆಕ್ಟರಿಗೆ ನಗೆಯ ಕಾರಣ ತಿಳಿಯಲಿಲ್ಲ. ಆತ ಕೆಲಸದ ಮನುಷ್ಯ. ಪಂಪನ್ನು ಇಳಿಸಲು ಹೇಳಿ, ಪುಡಿಯ ಡಬ್ಬಿಯನ್ನು ತೆರೆಸಿ, ಅವ್ವನತ್ತ ತಿರುಗಿ ಕೇಳಿದರು: “ಮಂದು ಕಲಪಾಲಮ್ಮಾ. ಒಕ ಬಿಂದೆ ನೀಳ್ಳು ಇವ್ವಂಡಿ.” ಮದ್ದು ಕಲಸಬೇಕು, ಒಂದು ಬಿಂದಿಗೆ ನೀರು ಕೊಡಿ.

ಓಣಿಯಲ್ಲಿ ನಗೆ ನಿಂತಿತು. ನಿಂತ ನಗೆಯ ನಡುವೆ ಅವ್ವ ಒಳಗೆ ಹೋದಳು. ಬರಿಯ ಬಿಂದಿಗೆಯನ್ನೂ ಗೂಟದ ಸಿಂಬಿಯನ್ನೂ ತಂದು ಇನ್‌ಸ್ಪೆಕ್ಟರ ಕೈಗೆ ಕೊಟ್ಟಳು.

“ತಗೊಳ್ರಿ ಸಾಹೇಬ್ರ. ಬಾವಿ ಆ ದಿಣ್ಣಿ ದಾಟಿದ ಮ್ಯಾಲ ಐತಿ. ಟೊಪಿಗಿ ತಗದು ಸಿಂಬಿ ಇಟ್ಕೊಳ್ರಿ, ಇಲ್ಲಂದ್ರ ತಲಿ ನೊಂದೀತು.”

ಆತನ ಬಗ್ಗೆ ನನಗಿರುವ ಗೌರವ ಆ ಗಳಿಗೆಯಿಂದ ಮೊದಲಾಯಿತು. ಸಿಟ್ಟಾಗಬಹುದಿತ್ತು, ಆಗಲಿಲ್ಲ. ಬಿಂದಿಗೆಯನ್ನು ಆಳಿಗೆ ಕೊಟ್ಟು, ಸಿಂಬಿಯನ್ನು ತಾವೇ ಹಿಡಿದು, ಹೆಂಗಸರೊಡನೆ ಬಾವಿಗೆ ಹೋದರು. ಮೆಟ್ಟಿಲುಗಳನ್ನು ಇಳಿದರು, ಏರಿದರು, ಬೆವರಿದರು. ಬರುವಾಗ ನೇರ ಓಣಿಗೆ ಬಾರದೆ, ಬಜಾರಿನ ನಡುವೆ ಹಾದು, ನೀರಿನ ಕಚೇರಿಯ ಮೆಟ್ಟಿಲು ಹತ್ತಿ, ಅಲ್ಲಿಯ ಅಧಿಕಾರಿಯ ಮೇಜಿನ ಮೇಲೆ ಸಿಂಬಿಯನ್ನಿಟ್ಟು ಕೇಳಿದರು: “ನೀಳ್ಳು ಲೇನಿ ಚೋಟ ಮಂದು ಎಲಾ ಕಲಪನು?” ನೀರೇ ಇಲ್ಲದೆಡೆ ಮದ್ದನ್ನು ಹೇಗೆ ಕಲಸಲಿ? ಬಾಗಿಲಲ್ಲಿ ನಮ್ಮ ಓಣಿಯೇ ನೆರೆದಿತ್ತು, ಬಜಾರಿನ ಅರ್ಧವೂ ನೆರೆದಿತ್ತು. ನಾಗರಿಕನಿಗೆ ಕಿವುಡಾದ ಕಚೇರಿ ಇನ್ನೊಂದು ಕಚೇರಿಯ ಮಾತಿಗೆ ಹೇಗೆ ಚುರುಕಾಗಿ ಕಿವಿ ನಿಮಿರಿಸುತ್ತದೆಂಬುದನ್ನು ಅಂದು ಕಂಡೆ. ಅಧಿಕಾರಿ ಎದ್ದುನಿಂತರು. ನೋಡುತ್ತೇವೆ ಎಂದರು, ಆದಷ್ಟು ಬೇಗ ಎಂದರು. ಸಿಂಬಿಯನ್ನು ಎರಡು ಬೆರಳಲ್ಲಿ ಎತ್ತಿ ಅವ್ವನತ್ತ ಚಾಚಿದರು.

ಅವ್ವ ಕೈ ಮುಂದೆ ಮಾಡಲಿಲ್ಲ. “ಇಲ್ಲೇ ಇರ್ಲಿ ಬಿಡ್ರಿ. ನಳ ಬಂದ ದಿನ ಬಂದು ತಗೊಂಡು ಹೋಗ್ತೀನಿ.”

ಗೆಳೆಯರೇ, ವಿಶ್ವವಿದ್ಯಾಲಯದಲ್ಲಿ ನಾನು ರಾಜ್ಯಶಾಸ್ತ್ರವನ್ನು ಓದಿದ್ದೇನೆ. ಆಳುವವರು ಆಳಿಸಿಕೊಳ್ಳುವವರಿಗೆ ಉತ್ತರ ಹೇಳಬೇಕೆಂಬ ತತ್ತ್ವದ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದೇನೆ. ಆ ತತ್ತ್ವಕ್ಕೆ ಕೈಯಲ್ಲಿ ಹಿಡಿಯುವಂಥ ಆಕಾರ ಸಿಕ್ಕಿದ್ದು ಅಂದು. ಮೇಜಿನ ಮೇಲೆ, ಮಸಿಕುಡಿಕೆಯ ಪಕ್ಕದಲ್ಲಿ, ಬೂದಿಬಣ್ಣದ ಒಂದು ಸಿಂಬಿ. ಎಸೆಯುವ ಹಾಗಿಲ್ಲ, ಊರೇ ನೋಡಿದೆ. ಇಟ್ಟುಕೊಳ್ಳುವ ಹಾಗಿಲ್ಲ, ದಿನವೂ ಕೇಳುತ್ತದೆ. ಕೆಲಸಕ್ಕೆಂದು ಹೋದವರೆಲ್ಲ “ಏನ್ರಿ ಸಾಹೇಬ್ರ, ಸಿಂಬಿ ಇನ್ನಾ ಇಲ್ಲೇ ಐತಲ್ಲ?” ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ಅತ್ತ ಅವ್ವ ಸೆರಗನ್ನೇ ಮಡಚಿ ತಲೆಗಿಟ್ಟುಕೊಂಡು ಬಾವಿಗೆ ಹೋಗುತ್ತಿದ್ದಳು. ಸೆರಗು ಜಾರುತ್ತಿತ್ತು, ಕೊಡ ಓಲಾಡುತ್ತಿತ್ತು, ನೋವು ಭುಜಕ್ಕೆ ಇಳಿಯಿತು. ಹೊಸದೊಂದನ್ನು ಸುತ್ತಿಕೋ ಎಂದು ನಾನು ಅಂಗಲಾಚಿದರೆ, “ಇನ್ನೊಂದು ಸುತ್ತಿದ್ರ ಅದರ ಬೆಲಿ ಹೋಗತೈತಿ” ಎಂದಳು. ಊರಿನ ಅಭಿವೃದ್ಧಿಯ ಬಗ್ಗೆ ಭಾಷಣ ಮಾಡುವವರೆಲ್ಲ ಆ ಮಾತನ್ನು ಒಮ್ಮೆ ಕೇಳಬೇಕಿತ್ತು.

ಅಗೆಯುವವರು ಬಂದರು. ಬುಡದ ಬಂಡೆಗಲ್ಲು ಅಷ್ಟು ಸುಲಭಕ್ಕೆ ದಾರಿ ಬಿಡಲಿಲ್ಲ. ಹಾರೆಯ ಸದ್ದು ಓಣಿಯ ತುಂಬ ಮೊಳಗಿ, ಬೊಟ್ಟಿನ ಕೆಳಗೆ ಸರಿಯಾಗಿ, ಮಾಸಗೊಡದೆ ಕಾಯ್ದ ಅದೇ ಬಿಳಿಯ ಕೆಳಗೆ, ಹಿತ್ತಾಳೆಯ ಒಂದು ಮೂತಿ ಹೊರಚಾಚಿತು. ತಿರುವಿದಾಗ ಮೊದಲು ನಿಟ್ಟುಸಿರು, ಆಮೇಲೆ ಕೆಮ್ಮು, ಆಮೇಲೆ ತುಕ್ಕು ಬೆರೆತ ಕೆಂಚು ನೀರು.

“ಯವ್ವಾ, ಚಾ ಬರಾಕತ್ತೈತಿ!” ಎಂದಳು ಈರಮ್ಮ. “ಸಕ್ಕರಿ ಯಾರ ಮನಿಯಾಗ ಐತ್ರೇ, ತರ್ರಿ!”

ಚಹ ತಿಳಿಯಾಯಿತು, ನೀರಾಯಿತು. ಅವ್ವ ನಳಕ್ಕೆ ಕುಂಕುಮ ಹಚ್ಚಿದ ಕೈಯನ್ನೂ ತೊಳೆಯದೆ ಬಜಾರಿಗೆ ನಡೆದು ತನ್ನ ಸಿಂಬಿಯನ್ನು ಬಿಡಿಸಿಕೊಂಡು ಬಂದಳು. ಒತ್ತೆಯಿಟ್ಟ ಒಡವೆಯನ್ನು ಬಿಡಿಸಿಕೊಂಡವರ ನಡಿಗೆಯೂ ಅಷ್ಟು ಗತ್ತಿನದಾಗಿರಲಾರದು.

ನನ್ನ ಹೆಮ್ಮೆ ಯಾವುದರದು ಎಂದು ಈಗ ನೀವು ಕೇಳಬಹುದು. ಕಂಬ, ಕಾಲುವೆ, ಡಾಂಬರುಗಳದು ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ, ತನಗೆ ಕೊಟ್ಟ ಮಾತನ್ನು ಕೊಟ್ಟವರು ಮರೆತರೂ ತಾನು ಮರೆಯದ ಒಂದು ಓಣಿಯದು. ಊರನ್ನು ಹೊಗಳುವುದು, ಊರಿನಿಂದ ಲೆಕ್ಕ ಕೇಳುವುದು ಎರಡು ಬೇರೆ ಕೆಲಸಗಳೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಬಾಡಿಗೆಗಿರುವವನು ಸೂರು ಸೋರಿದರೆ ಮನೆ ಬದಲಿಸುತ್ತಾನೆ. ಮನೆಯವನು ಏಣಿ ಹಾಕುತ್ತಾನೆ, ಬಡಗಿಯನ್ನು ಬಯ್ಯುತ್ತಾನೆ, ಮಳೆಯಲ್ಲಿ ತೋಯುತ್ತ ಕೂಗಾಡುತ್ತಾನೆ. ಆ ಕೂಗಾಟವೇ ಪ್ರೀತಿ. ನಾವು ಆದೋನಿಯ ಬಾಡಿಗೆದಾರರಲ್ಲ.

ಇದನ್ನೆಲ್ಲ ನಾನು ಬರೆಯುತ್ತ ಕೂತಿದ್ದಾಗ ಅವ್ವ ಗೂಟದಿಂದ ಸಿಂಬಿಯನ್ನು ತೆಗೆದಳು. ಬೆಟ್ಟದ ಏರಿನಲ್ಲಿ, ನಮಗಿಂತ ಮೇಲೆ, ಕಲ್ಲು ಒಡೆಯುವವರ ಓಣಿಯಿದೆ. ಅಲ್ಲಿಯ ಹೆಂಗಸರು ಈಗ ನಮ್ಮ ನಳಕ್ಕೆ ಬರುತ್ತಾರೆ. ಇಳಿಯುವಾಗ ಖಾಲಿ, ಏರುವಾಗ ತುಂಬಿದ ಕೊಡ. ಸಿಂಬಿಯನ್ನು ಅವರಿಗೆ ಕೊಡುತ್ತಾಳೆಂದುಕೊಂಡೆ. ಕೊಡಲಿಲ್ಲ. ಹೊಸ್ತಿಲ ಮೇಲೆ ಕೂತು ಅದರ ತುದಿಯನ್ನು ಹುಡುಕಿ, ಸುತ್ತು ಸುತ್ತಾಗಿ ಬಿಚ್ಚಿದಳು. ಹೊರಗೆ ಬೂದಿಯಾಗಿದ್ದ ಬಟ್ಟೆಯ ಒಳಮಡಿಕೆಯಲ್ಲಿ ಸೀರೆಯ ಕೆಂಪಂಚು, ಮಗ್ಗದಿಂದ ಈಗತಾನೇ ಇಳಿದಂತೆ, ಬೆಂಕಿಯಂತೆ ಉಳಿದಿತ್ತು. ಅದರಿಂದ ಒಂದು ಪಟ್ಟಿಯನ್ನು ಹರಿದು, ಕೋಲಿನ ತುದಿಗೆ ಬಿಗಿದು, ಕುಂಚ ಮಾಡಿ ನನ್ನ ಮುಂದೆ ಹಿಡಿದಳು. ಕುತ್ತಿಗೆಯನ್ನಷ್ಟೇ ತಿರುಗಿಸಿ ಹಿಡಿದಳು. ಅದನ್ನು ನಾನು ಗಮನಿಸದೆ ಇರಲಿಲ್ಲ.

“ಏಳು ತಮ್ಮಾ. ಮ್ಯಾಲಿನ ಓಣ್ಯಾಗ ಗ್ವಾಡಿ ಖಾಲಿ ಐತಿ.”

ನಾನು ಸುಣ್ಣ ಕಲಸಿಕೊಂಡು ಅವಳ ಹಿಂದೆ ಏರಿದೆ. ಕಲ್ಲಿನ ಗೋಡೆಯ ಮುಂದೆ ನಿಂತು, ಮೊದಲು ದುಂಡಗೆ ಒಂದು ಬೊಟ್ಟನ್ನಿಟ್ಟು ಕೇಳಿದೆ, “ಈ ಸಲ ನಳ ಅಂತಲೇ ಬರೀಲೇನವ್ವಾ?”

ಅವ್ವ ಒಂದು ಕ್ಷಣ ಯೋಚಿಸಿದಳು.

“ಬ್ಯಾಡ. ನಲ್ಲಿ ಅಂತಾನ ಬರಿ,” ಎಂದಳು. “ಅದಕ್ಕಾದ್ರ ಲಗೂ ಬರ್ತಾರ.”

ಸಿಂಬಿಯ ಕುಂಚವನ್ನು ಸುಣ್ಣದಲ್ಲಿ ಅದ್ದಿ, ‘ನ’ಕಾರದ ತಲೆಗೆ ತಲೆಕಟ್ಟನ್ನು ಸುತ್ತಿದೆ.