ಹುಣಸೆ ನೀರಿನ ವೋಲ್ಟೇಜು

ಮರುದಿನ ಮಗಳಿಗೆ ಪಿಯುಸಿ ರಸಾಯನಶಾಸ್ತ್ರದ ವೈವಾ. "ಮಮ್ಮಿ, ಇಎಂಎಫ್ ಅಂದ್ರನೂ ವೋಲ್ಟೇಜೇ, ಮತ್ತ ಎರಡು ಹೆಸರ್ಯಾಕ? ಇದನ್ನೇ ಕೇಳಿದ್ರ ನಾ ಸತ್ತೆ" ಎಂದಳು. ಕಾನ್ವೆಂಟಿನಲ್ಲಿ ನಾನೂ ಅದನ್ನು ಬಾಯಿಪಾಠ ಮಾಡಿದವಳೇ, ಅರ್ಥ ಗೊತ್ತಿರಲಿಲ್ಲ.

ಅಡುಗೆಮನೆಯ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಮೂರು ಗಾಜಿನ ಲೋಟಗಳಿಗೆ ಹುಣಸೆ ನೀರು ತುಂಬಿದೆವು. ಒಂದೊಂದರಲ್ಲೂ ತಾಮ್ರದ ತಂತಿ, ಸತುವಿನ ಲೇಪದ ಮೊಳೆ ಇಟ್ಟು, ಒಂದರ ತಂತಿಯನ್ನು ಮುಂದಿನದರ ಮೊಳೆಗೆ ಸುತ್ತಿ ಸಾಲಾಗಿ ಜೋಡಿಸಿದೆವು. ಎರಡೂ ತುದಿಗೆ ಹಚ್ಚಿದ ವೋಲ್ಟ್ ಮೀಟರ್ ಎರಡೂಮುಕ್ಕಾಲು ವೋಲ್ಟ್ ತೋರಿಸಿತು. ಪುಟ್ಟ ಕೆಂಪು ಎಲ್‌ಇಡಿ ಸೇರಿಸಿದೊಡನೆ ಅದು ಮಿಣುಕಾಗಿ ಹೊತ್ತಿಕೊಂಡಿತು. ಮೀಟರ್ ಎರಡರ ಕೆಳಗೆ ಇಳಿಯಿತು.

"ಮೀಟರ್ ಕೆಟ್ಟದ" ಎಂದಳು ಮಗಳು. ಎಲ್‌ಇಡಿ ತೆಗೆದೆ, ಮತ್ತೆ ಎರಡೂಮುಕ್ಕಾಲು. "ಕೆಟ್ಟಿಲ್ಲ, ದೀಪ ಹಚ್ಚಿದಾಗಷ್ಟೇ ಇಳೀತದ" ಎಂದೆ.

"ಸಾರಿನ ಹುಳಿ ಎಲ್ಲಾ ಸುರುವಿ ಕುಂತೀರಿ," ಎನ್ನುತ್ತ ಅತ್ತೆ ಇಣುಕಿದರು. "ಇಳಿದಿದ್ದು ಎಲ್ಲಿ ಹೋತು, ಅದನ್ನರ ಹೇಳ್ರಿ."

ಮಗಳು ಲೋಟಗಳನ್ನೇ ನೋಡುತ್ತ ನಿಧಾನವಾಗಿ ಹೇಳಿದಳು: "ಅಜ್ಜಿ, ಕರೆಂಟ್ ಹರೀದೆ ಸುಮ್ನ ಇದ್ದಾಗ ಇರೋ ಪೂರಾ ತಾಕತ್ತು ಇಎಂಎಫ್. ಹರಿಯಾಕತ್ತಿದ್ರ ಈ ನೀರು ದಾಟಲಿಕ್ಕೇ ಒಂದಿಷ್ಟು ಖರ್ಚಾಗ್ತದ. ದೀಪಕ್ಕ ಸಿಗೋದು ಉಳಿದ ವೋಲ್ಟೇಜ್."

ಪುಸ್ತಕ ತೆರೆದು ನೋಡಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

"ಮಮ್ಮಿ, ನಾಳೆ ಅದನ್ನೇ ಕೇಳ್ಲಿ ಅನಸಾಕತ್ತದ" ಎಂದಳು ಅವಳು.