ಲಿಫ್ಟಿನೊಳಗೆ ಬಿಡುಗಡೆಯಾದ ಕಬಡ್ಡಿ ಪುಸ್ತಕ

ಮುಂಬೈನ ವಿಲೆ ಪಾರ್ಲೆಯ ನಮ್ಮ ಕ್ಲಬ್ಬಿನ ಹಾಲ್ ಇರುವುದು ಮೂರನೇ ಮಹಡಿಯಲ್ಲಿ. ಆ ಭಾನುವಾರ ಸಂಜೆ ಅಲ್ಲಿ ನಮ್ಮ ಕಬಡ್ಡಿ ಸರ್ ಬರೆದ ಪುಸ್ತಕದ ಬಿಡುಗಡೆ. ಮಂಡಿನೋವಿನಿಂದಾಗಿ ಅವರಿಗೆ ಮೆಟ್ಟಿಲು ಹತ್ತಲಾಗದು. ಅವರನ್ನೂ ಪುಸ್ತಕದ ಎರಡು ಕಟ್ಟುಗಳನ್ನೂ ಲಿಫ್ಟಿಗೆ ಹತ್ತಿಸಿ, ಕಬ್ಬಿಣದ ಜಾಲರಿ ಬಾಗಿಲು ಎಳೆದು ಗುಂಡಿ ಒತ್ತಿದೆ. ಮೂರನೇ ಮಹಡಿ ಇನ್ನೇನು ಬಂತು ಅನ್ನುವಾಗ ಲಿಫ್ಟ್ ಒಮ್ಮೆ ಕುಲುಕಿ ನಿಂತಿತು. ಮೇಲಿನ ಮಹಡಿಯ ನೆಲ ನನ್ನ ಎದೆಯ ಮಟ್ಟಕ್ಕಿತ್ತು. ಫ್ಯಾನೂ ನಿಂತುಹೋಯಿತು.

ಮುಚ್ಚಿದ ಜಾಗವೆಂದರೆ ನನಗೆ ಮೊದಲಿನಿಂದಲೂ ಭಯ. ಗುಂಡಿಗಳನ್ನೆಲ್ಲ ಒತ್ತಿದೆ, ಜಾಲರಿ ಹಿಡಿದು ಅಲುಗಾಡಿಸಿದೆ. ಮೇಲೆ ಚಪ್ಪಲಿ, ಷೂಗಳು ಓಡಿ ಬಂದವು. ವಾಚ್‌ಮನ್ ಬಗ್ಗಿ, "ಮ್ಯಾಡಮ್, ಗೇಟ್ ಮತ್ ಖೋಲೋ! ತೆಗೀಬೇಡಿ!" ಎಂದು ಕೂಗಿದ. ಕ್ಲಬ್ಬಿನ ಈಗಿನ ತಂಡದ ಹುಡುಗಿಯೊಬ್ಬಳು ಮಂಡಿಯೂರಿ ಕೂತು, "ಆಂಟಿ, ಮೆಕ್ಯಾನಿಕ್ ಅಂಧೇರಿಯಿಂದ ಬರ್ತಾ ಇದಾನೆ. ಬಸ್, ಆಧಾ ಗಂಟಾ" ಎಂದಳು.

ಅರ್ಧ ಗಂಟೆ! ಉಸಿರು ಗಂಟಲಲ್ಲೇ ತುಂಡುತುಂಡಾಗತೊಡಗಿತು.

"ಕೂತ್ಕೊ ಮಾರಾಯ್ತಿ" ಎಂದರು ಸರ್. ಅವರಾಗಲೇ ಒಂದು ಪುಸ್ತಕದ ಕಟ್ಟಿನ ಮೇಲೆ ಕೂತಿದ್ದರು. "ದಮ್ ಹಿಡಿ. ಕಬಡ್ಡಿ ಹೇಳು."

"ಸರ್, ಈಗ?"

"ಈಗಲೇ. ನಿಧಾನ. ಒಂದೇ ಉಸಿರಲ್ಲಿ."

ಹೇಳಿದೆ. ಮೊದಲ ಸಲ ನಾಲ್ಕನೇ ಕಬಡ್ಡಿಗೇ ಉಸಿರು ಮುರಿಯಿತು. "ಔಟ್" ಎಂದರು. ಮತ್ತೆ ಹೇಳಿದೆ. ಮೂವತ್ತು ವರ್ಷದ ಮೇಲೆ ಆ ಪದವನ್ನು ಹಾಗೆ ಹೇಳಿದ್ದು ಅದೇ ಮೊದಲು. ಮೇಲಿದ್ದ ಹುಡುಗಿಯರೂ ಸೇರಿಕೊಂಡರು. ಸ್ವಲ್ಪ ಹೊತ್ತಿಗೆ ಉಸಿರು ನನ್ನ ಮಾತು ಕೇಳತೊಡಗಿತು.

ಸರ್ ಉಡುಪಿ ಕಡೆಯವರು. ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಬೆಳಗಿನ ಪಾಳಿ ಮುಗಿಸಿ, ಲೋಕಲ್ ರೈಲು ಹಿಡಿದು ಬಂದು, ಸಂಜೆ ಕ್ಲಬ್ಬಿನ ಅಂಗಳದಲ್ಲಿ ನಮಗೆ ಆಟ ಕಲಿಸುತ್ತಿದ್ದರು. ಅವರ ಅಂಗಿಗೆ ಸದಾ ಸಾಂಬಾರಿನ ವಾಸನೆ. ನಾನು ರೈಡರ್, ಎದುರು ತಂಡದ ಅಂಕಣಕ್ಕೆ ನುಗ್ಗುವವಳು. ಕಾಲೇಜಿನ ಎರಡನೇ ವರ್ಷದಲ್ಲಿ ಅಪ್ಪ ನನ್ನ ಆಟ ಬಿಡಿಸಿದರು. ಅಪ್ಪ ಮೈಸೂರಿನಿಂದ ಬಂದ ಬ್ಯಾಂಕ್ ಅಧಿಕಾರಿ. ಮದುವೆಯ ವಯಸ್ಸಿಗೆ ಬಂದ ಮಗಳು ಮೊಣಕಾಲು ತರಚಿಕೊಂಡು ಮನೆಗೆ ಬರುವುದು ಅವರಿಗೆ ಹಿಡಿಸಲಿಲ್ಲ. ಸರ್ ಬಂದು ಒಂದು ಮಾತು ಹೇಳಿದರೆ ಅಪ್ಪ ಒಪ್ಪಬಹುದೆಂದು ವಾರಗಟ್ಟಲೆ ಕಾದೆ. ಅವರು ಬರಲಿಲ್ಲ. ಆಮೇಲೆ ಮದುವೆ, ಮಕ್ಕಳು. ಕಳೆದ ವರ್ಷ ಅವರೇ ಫೋನ್ ಮಾಡಿ, ಬರೆದದ್ದನ್ನು ಟೈಪ್ ಮಾಡಿಕೊಡ್ತೀಯಾ ಎಂದು ಕೇಳಿದರು. ಪೂರ್ತಿ ಟೈಪ್ ಮಾಡಿದೆ. ಅವರು ಆಟ ಕಲಿಸಿದ ಎಲ್ಲ ಹುಡುಗಿಯರೂ ಅದರಲ್ಲಿದ್ದರು, ನಾನೊಬ್ಬಳನ್ನು ಬಿಟ್ಟು.

ಕೇಳಬಾರದೆಂದುಕೊಂಡಿದ್ದೆ. ಆದರೆ ಆ ಡಬ್ಬಿಯೊಳಗೆ ಬೇರೆ ಮಾತೇ ಹೊಳೆಯಲಿಲ್ಲ.

"ಸರ್, ಪುಸ್ತಕದಲ್ಲಿ ನಾನ್ಯಾಕೆ ಇಲ್ಲ?"

ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಬರ್ದಿದ್ದೆ. ಹರಿದು ಹಾಕಿದೆ."

"ಯಾಕೆ?"

"ನಿನ್ನ ಬಿಲ್ಡಿಂಗಿನ ಕೆಳಗಿನವರೆಗೆ ಬಂದಿದ್ದೆ, ಎರಡು ಸಲ. ನಿನ್ನ ಅಪ್ಪ ಸಾಹೇಬರು. ನಾನು ಅವರ ಆಫೀಸಿನವರಿಗೆ ಕಾಫಿ ಕೊಡುವವ. ಎಂತ ಹೇಳುದು ಅಂತ ಹೆದರಿ ವಾಪಸ್ ಹೋದೆ. ನಿನ್ನ ಬಗ್ಗೆ ಬರೆದರೆ ಅದನ್ನೂ ಬರೀಬೇಕಿತ್ತಲ್ಲ."

ನನಗೆ ಎದ್ದು ಹೋಗಬೇಕೆನಿಸಿತು. ಹೋಗಲು ಜಾಗವಿರಲಿಲ್ಲ. ಬೆನ್ನು ತಿರುಗಿಸಿದರೆ ಎದುರಿಗೆ ಗೋಡೆ. ಇಷ್ಟು ವರ್ಷ ಅಪ್ಪನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಇವರಿಗೂ ಸಲ್ಲಬೇಕಿತ್ತಲ್ಲ ಎಂದು ಅನ್ನಿಸಿ ಕಣ್ಣು ತುಂಬಿತು. ಅವರು ಸಮಾಧಾನ ಮಾಡಲು ಬರಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಮುಖ್ಯ ಅತಿಥಿ ಬಂದರು. ಸರ್ ಕಲಿಸಿದ ಮೊದಲ ತಂಡದ ಕ್ಯಾಪ್ಟನ್, ಈಗ ಅಜ್ಜಿ. ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತು ಜಾಲರಿಯೊಳಗೆ ಇಣುಕಿದರು. "ಸರ್, ಮೆಕ್ಯಾನಿಕ್‌ಗೆ ಕಾಯೋದು ಬೇಡ. ಇಲ್ಲೇ ಬಿಡುಗಡೆ ಮಾಡೋಣ, ಪುಸ್ತಕ ಕೊಡಿ."

ಪುಸ್ತಕ ತೆಳ್ಳಗಿತ್ತು, ಓರೆಯಾಗಿ ಹಿಡಿದರೆ ಜಾಲರಿಯಲ್ಲಿ ತೂರುತ್ತಿತ್ತು. ನಾನು ಕಟ್ಟು ಬಿಚ್ಚಿದೆ. ಸರ್ ಒಂದೊಂದಕ್ಕೂ ಸಹಿ ಮಾಡಿ ನನ್ನ ಕೈಗೆ ಕೊಟ್ಟರು, ನಾನು ಮೇಲೆ ಕೊಟ್ಟೆ. ಮೊದಲ ಪ್ರತಿಯನ್ನು ಅತಿಥಿ ಎತ್ತಿ ಹಿಡಿದಾಗ ಮೆಟ್ಟಿಲ ತುಂಬ ಚಪ್ಪಾಳೆ. ಕನ್ನಡ ಓದಲು ಬಾರದ ಹುಡುಗಿಯರೂ ಕೈಚಾಚಿ, "ಮುಝೆ ಭೀ, ಸರ್" ಎಂದು ತಮಗೂ ಒಂದು ಕೇಳುತ್ತಿದ್ದರು. ಅಷ್ಟು ಬೆವರಿನಲ್ಲಿ, ಅಷ್ಟು ಸಿಟ್ಟಿನಲ್ಲಿ ನನಗೆ ನಗು ಬಂತು.

ಮೆಕ್ಯಾನಿಕ್ ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಮೇಲಿನ ಮೆಷಿನ್ ರೂಮಿನಲ್ಲಿ ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದ. ಹುಡುಗಿಯರು ಸರ್ ಅವರನ್ನು ಎತ್ತಿಕೊಂಡೇ ಹಾಲಿಗೆ ಹೋದರು.

ಭಾಷಣಗಳಾದವು. ಕೊನೆಗೆ ಇಡ್ಲಿ, ಬಟಾಟೆ ವಡೆ. ನಾನು ದೂರ ಕಿಟಕಿಯ ಹತ್ತಿರ ನಿಂತು ಗಾಳಿ ಕುಡಿಯುತ್ತಿದ್ದೆ. ಸರ್ ಬೆಂಚಿನ ಮೇಲೆ ಕೂತಲ್ಲಿಂದಲೇ ಕೇಳಿದರು, "ಸಿಟ್ಟುಂಟಾ?"

"ಉಂಟು ಸರ್."

"ಇರ್ಲಿ. ಇರ್ಬೇಕು" ಎಂದವರು, ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ತಟ್ಟೆ ಹಿಡಿದು ಹೋಗಿ ಅಲ್ಲಿ ಕೂತೆ.